ಪಾಪೆಯಲ್ಲಿ ಬಿಳಿ ಹೊಳಪು: ಮಗುವಿನ ಕಣ್ಣಿನ ಕ್ಯಾನ್ಸರಿನಲ್ಲಿ ತಿಂಗಳುಗಳು ಸೋರಿಹೋಗುವುದು ಎಲ್ಲಿ?

ರೆಟಿನೋಬ್ಲಾಸ್ಟೋಮಾ ಪುಟ್ಟ ಮಕ್ಕಳ ಕಣ್ಣಿನೊಳಗೆ ಹುಟ್ಟುವ ಕ್ಯಾನ್ಸರ್. 2017ರಲ್ಲಿ ಜಗತ್ತಿನ ನೂರೈವತ್ತರಷ್ಟು ದೇಶಗಳಲ್ಲಿ ಈ ಕಾಯಿಲೆ ಪತ್ತೆಯಾದ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ವೈದ್ಯರ ಒಂದು ಅಂತರರಾಷ್ಟ್ರೀಯ ತಂಡ ಒಟ್ಟುಗೂಡಿಸಿತು. ಮೂರು ವರ್ಷಗಳ ನಂತರ ನೋಡಿದರೆ ಶ್ರೀಮಂತ ದೇಶಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಮಕ್ಕಳು ಬದುಕಿದ್ದರು. ತೀರಾ ಬಡ ದೇಶಗಳಲ್ಲಿ ಬದುಕಿದ್ದವರು ನೂರಕ್ಕೆ ಸುಮಾರು 57. ಭಾರತವೂ ಸೇರುವ ಕೆಳಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು 80.

ಇಷ್ಟು ದೊಡ್ಡ ಅಂತರಕ್ಕೆ ಯಾವುದೋ ದುಬಾರಿ ಔಷಧಿ ನಮಗೆ ಸಿಗದಿರುವುದೇ ಕಾರಣ ಎಂದು ಯಾರಿಗಾದರೂ ಅನಿಸೀತು. ಹಾಗೇನಿಲ್ಲ. ಈ ಕಾಯಿಲೆಗೆ ಮುಖ್ಯವಾಗಿ ಕೊಡುವ ವಿನ್‌ಕ್ರಿಸ್ಟೀನ್, ಎಟೊಪೊಸೈಡ್, ಕಾರ್ಬೊಪ್ಲಾಟಿನ್ ಮೂರೂ ಹಳೆಯ ಔಷಧಿಗಳು, ನಮ್ಮ ದೇಶದಲ್ಲೇ ತಯಾರಾಗುತ್ತವೆ. ಅದೇ ಅಧ್ಯಯನದ ಇನ್ನೊಂದು ಲೆಕ್ಕದಲ್ಲಿ ಉತ್ತರವಿದೆ. ಶ್ರೀಮಂತ ದೇಶಗಳಲ್ಲಿ ರೋಗ ಪತ್ತೆಯಾಗುವ ಹೊತ್ತಿಗೆ ಮಗುವಿಗೆ ಸುಮಾರು 14 ತಿಂಗಳು. ಬಡ ದೇಶಗಳಲ್ಲಿ 30 ತಿಂಗಳು. ಆ ಹದಿನಾರು ತಿಂಗಳಲ್ಲಿ ಎಷ್ಟೋ ಮಕ್ಕಳಲ್ಲಿ ಗೆಡ್ಡೆ ಕಣ್ಣುಗುಡ್ಡೆಯನ್ನು ದಾಟಿ ಹೊರಬಂದಿರುತ್ತದೆ. ಪತ್ತೆಯಾದಾಗಲೇ ರೋಗ ಕಣ್ಣಿನಾಚೆಗೆ ಹರಡಿದ್ದ ಮಕ್ಕಳು ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಬಡ ದೇಶಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಕಣ್ಣಿನೊಳಗೇ ಇರುವಷ್ಟು ಕಾಲ ಇದು ವಾಸಿಯಾಗುವ ಕ್ಯಾನ್ಸರ್. ಹೊರಬಿದ್ದ ಮೇಲೆ ಮಾತೇ ಬೇರೆ. ಹಾಗಾಗಿ ಇದನ್ನು ಔಷಧಿಯ ಕೊರತೆ ಅನ್ನುವುದಕ್ಕಿಂತ ಸಮಯ ಸೋರಿಹೋಗುವ ಸಮಸ್ಯೆ ಎಂದು ನೋಡಿದರೆ ಎಲ್ಲಿ ಕೈ ಹಾಕಬೇಕು ಎಂಬುದು ತಿಳಿಯುತ್ತದೆ.

ತಾಯಿಗೆ ಕಂಡದ್ದು

ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡಿರುವ ತೆಳ್ಳನೆಯ ಪದರವೇ ರೆಟಿನಾ, ಅಂದರೆ ಅಕ್ಷಿಪಟಲ. ಬೆಳಕನ್ನು ಹಿಡಿದು ಮಿದುಳಿಗೆ ಸುದ್ದಿ ಕಳಿಸುವ ಜೀವಕೋಶಗಳು ಇರುವುದು ಅಲ್ಲಿ. ಮಗು ಹೊಟ್ಟೆಯಲ್ಲಿದ್ದಾಗ ಮತ್ತು ಹುಟ್ಟಿದ ಮೊದಲ ಕೆಲವು ವರ್ಷ ಈ ಕೋಶಗಳಿನ್ನೂ ಬಲಿಯುತ್ತಿರುತ್ತವೆ. ಆ ಹಂತದಲ್ಲಿ ಒಂದು ಕೋಶ ಹದ್ದು ಮೀರಿ ಬೆಳೆಯತೊಡಗಿದರೆ ರೆಟಿನೋಬ್ಲಾಸ್ಟೋಮಾ ಆಗುತ್ತದೆ. ಕೋಶಗಳು ಪೂರ್ತಿ ಬಲಿತ ಮೇಲೆ ಈ ಅಪಾಯ ಬಹುಮಟ್ಟಿಗೆ ಮುಗಿದಂತೆ. ಇದು ಐದು ವರ್ಷದೊಳಗಿನ ಮಕ್ಕಳ ಕಾಯಿಲೆಯಾಗಿರುವುದು ಇದೇ ಕಾರಣಕ್ಕೆ.

ಗೆಡ್ಡೆಯ ಬಣ್ಣ ಸುಣ್ಣದಂಥ ಬಿಳಿ. ಆರೋಗ್ಯವಂತ ಕಣ್ಣಿಗೆ ಫ್ಲ್ಯಾಶ್ ಬಿದ್ದಾಗ ಹಿಂದಿನ ರಕ್ತನಾಳಗಳ ಬಣ್ಣ ಪ್ರತಿಫಲಿಸಿ ಪಾಪೆ ಕೆಂಪಗೆ ಕಾಣುತ್ತದೆ. ಹಳೆಯ ಆಲ್ಬಮ್ಮುಗಳಲ್ಲಿ ಎಲ್ಲರ ಕಣ್ಣೂ ಕೆಂಡದಂತೆ ಇರುತ್ತಿದ್ದದ್ದು ಹಾಗೆ. ಗೆಡ್ಡೆ ಅಡ್ಡ ನಿಂತರೆ ಬೆಳಕು ಅದಕ್ಕೆ ಬಡಿದು ಬಿಳಿಯಾಗಿಯೋ ಹಳದಿಯಾಗಿಯೋ ವಾಪಸು ಬರುತ್ತದೆ. ವೈದ್ಯರು ಇದನ್ನು ಲ್ಯೂಕೋಕೋರಿಯಾ ಎನ್ನುತ್ತಾರೆ. ಕಾಯಿಲೆ ಬಂದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಮೊದಲ ಲಕ್ಷಣ ಇದೇ. ಎರಡನೆಯದು ಮೆಳ್ಳೆಗಣ್ಣು: ದೃಷ್ಟಿಯ ಕೇಂದ್ರಭಾಗವನ್ನು ಗೆಡ್ಡೆ ಆವರಿಸಿಕೊಂಡರೆ ಆ ಕಣ್ಣಿಗೆ ಗುರಿ ಹಿಡಿಯಲಾಗದೆ ಪಕ್ಕಕ್ಕೆ ವಾಲುತ್ತದೆ. ಕಣ್ಣು ಕೆಂಪಾಗಿ ಊದಿಕೊಳ್ಳುವುದು, ನೋಯುವುದು, ಗುಡ್ಡೆ ಮುಂದಕ್ಕೆ ಚಾಚುವುದು ತಡವಾದ ಲಕ್ಷಣಗಳು.

ಒಂದು ಎಚ್ಚರಿಕೆ. ಫೋಟೊದಲ್ಲಿ ಒಂದು ಕಣ್ಣು ಬೆಳ್ಳಗೆ ಕಂಡ ತಕ್ಷಣ ಕ್ಯಾನ್ಸರ್ ಎಂದು ಎದೆ ಒಡೆದುಕೊಳ್ಳಬೇಕಿಲ್ಲ. ಮಗು ಕ್ಯಾಮೆರಾದಿಂದ ಸ್ವಲ್ಪ ಪಕ್ಕಕ್ಕೆ, ಸುಮಾರು 15 ಡಿಗ್ರಿ ಕೋನದಲ್ಲಿ ನೋಡುತ್ತಿದ್ದರೆ ಫ್ಲ್ಯಾಶಿನ ಬೆಳಕು ದೃಷ್ಟಿನರ ಹೊರಡುವ ಜಾಗಕ್ಕೆ ಬಿದ್ದು, ಆರೋಗ್ಯವಂತ ಕಣ್ಣೂ ಬಿಳಿಯಾಗಿ ಕಾಣುತ್ತದೆ. ಹುಟ್ಟಿನಿಂದ ಬಂದ ಪೊರೆ, ಕೋಟ್ಸ್ ಎಂಬ ರಕ್ತನಾಳದ ಕಾಯಿಲೆ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ರೆಟಿನಾ ತೊಂದರೆ ಇವೂ ಪಾಪೆಯನ್ನು ಬಿಳಿ ಮಾಡುತ್ತವೆ. ಆದರೆ ಇವುಗಳಲ್ಲಿ ಯಾವುದೂ ‘ಇನ್ನಾರು ತಿಂಗಳು ಬಿಟ್ಟು ನೋಡೋಣ’ ಎನ್ನುವಂಥದ್ದಲ್ಲ. ಬಿಳಿ ಪಾಪೆಯ ಮಗುವಿಗೆ ವಾರದೊಳಗೆ ಕಣ್ಣಿನ ವೈದ್ಯರ ಪರೀಕ್ಷೆ ಆಗಬೇಕು, ಕೊನೆಗೆ ಅದು ಏನೇ ಆಗಿರಲಿ. ಇನ್ನೊಂದು ವಿಚಿತ್ರವೆಂದರೆ ಈಗಿನ ಫೋನುಗಳು ಕೆಂಪುಗಣ್ಣನ್ನು ತಾವಾಗಿಯೇ ಅಳಿಸಿ ಚಂದ ಮಾಡಿಬಿಡುತ್ತವೆ. ಹಾಗಾಗಿ ಫೋಟೊ ಚೆನ್ನಾಗಿ ಬಂದಿದೆ ಎಂದು ಕಣ್ಣು ಚೆನ್ನಾಗಿದೆ ಎಂದುಕೊಳ್ಳುವ ಹಾಗಿಲ್ಲ.

ಈ ಹೊಳಪನ್ನು ಮೊದಲು ಕಾಣುವುದು ವೈದ್ಯರಲ್ಲ. ಮನೆಯವರು, ಅದರಲ್ಲೂ ತಾಯಿ ಅಥವಾ ಅಜ್ಜಿ. ಹಾಲು ಕುಡಿಸುವಾಗ, ಸಂಜೆ ಮಬ್ಬಿನಲ್ಲಿ ಮಗು ಪಕ್ಕಕ್ಕೆ ತಿರುಗಿದಾಗ ಒಂದು ಕ್ಷಣ ಮಿಂಚಿ ಮಾಯವಾಗುತ್ತದೆ. ಸಮಯ ಸೋರುವುದು ಅಲ್ಲಿಂದ ಶುರು. ‘ಕಣ್ಣಾಗ ಏನೋ ಬೆಳ್ಳಗ ಮಿಂಚತೈತ್ರಿ’ ಎಂದು ತಾಯಿ ಹೇಳಿದರೆ ಮನೆಯಲ್ಲಿ ‘ಹೂ ಬಿದ್ದಿರಬೇಕು, ಎಣ್ಣಿ ಬಿಡು’ ಎನ್ನುವವರಿರುತ್ತಾರೆ. ಮೆಳ್ಳೆಗಣ್ಣಾದರೆ ಅದೃಷ್ಟದ ಕಣ್ಣೆಂದು ಸಂತೋಷಪಡುವವರೂ ಉಂಟು. ಆರೋಗ್ಯ ಕೇಂದ್ರದವರೆಗೆ ಹೋದರೂ ಹಗಲು ಬೆಳಕಿನಲ್ಲಿ, ಅಳುವ ಮಗುವಿನ ಕಣ್ಣಿಗೆ ಟಾರ್ಚ್ ಬಿಟ್ಟರೆ ಪಾಪೆ ಕುಗ್ಗಿ ಏನೂ ಕಾಣುವುದಿಲ್ಲ. ‘ಪೊರೆ ಇರಬೇಕವ್ವಾ, ಸ್ವಲ್ಪ ದೊಡ್ಡದಾಗಲಿ, ಆಪರೇಷನ್ ಮಾಡಿಸೋಣ’ ಎಂಬ ಮಾತಿಗೆ ಆರು ತಿಂಗಳು ಹೋಗುತ್ತದೆ.

ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಬೈದು ಪ್ರಯೋಜನವಿಲ್ಲ. ಲೆಕ್ಕ ಹಾಕಿ ನೋಡಿ. ಹುಟ್ಟುವ ಪ್ರತಿ 15ರಿಂದ 20 ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಈ ಕಾಯಿಲೆ ಬರುತ್ತದೆ. 30 ಸಾವಿರ ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂದರೆ ಅದರ ವ್ಯಾಪ್ತಿಯಲ್ಲಿ ವರ್ಷಕ್ಕೆ ಐನೂರರ ಆಸುಪಾಸು ಹೆರಿಗೆ. ಅಂದರೆ ಒಂದು ಕೇಂದ್ರಕ್ಕೆ ಮೂವತ್ತು-ನಲವತ್ತು ವರ್ಷಕ್ಕೊಮ್ಮೆ ಇಂಥ ಒಂದು ಮಗು ಬರಬಹುದು. ಎಷ್ಟೋ ವೈದ್ಯರು ಒಂದೂ ಪ್ರಕರಣ ನೋಡದೆ ನಿವೃತ್ತರಾಗುತ್ತಾರೆ. ಇಷ್ಟು ಅಪರೂಪದ್ದನ್ನು ನೆನಪಿನ ಮೇಲೆ, ಅನುಭವದ ಮೇಲೆ ಬಿಟ್ಟರೆ ತಪ್ಪಿಹೋಗುವುದು ಸಹಜ. ಆದರೆ ಇಡೀ ರಾಜ್ಯದ ಲೆಕ್ಕದಲ್ಲಿ ಇದು ಅಪರೂಪವಲ್ಲ. ವರ್ಷಕ್ಕೆ ಹತ್ತು ಲಕ್ಷದಷ್ಟು ಹೆರಿಗೆಯಾಗುವ ಕರ್ನಾಟಕದಲ್ಲಿ 50ರಿಂದ 65 ಮಕ್ಕಳು, ದೇಶದಲ್ಲಿ ಅಂದಾಜು 1,500ರಿಂದ 2,000 ಮಕ್ಕಳು. ಬೇರೆ ಯಾವ ದೇಶದಲ್ಲೂ ಈ ಕಾಯಿಲೆಯ ಇಷ್ಟು ಮಕ್ಕಳಿಲ್ಲ.

ಯಾರ ತಪ್ಪೂ ಅಲ್ಲ

ಮಗುವಿಗೆ ಕ್ಯಾನ್ಸರ್ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ಚಿಕಿತ್ಸೆಯದ್ದಲ್ಲ, ಯಾರಿಂದ ಬಂತು ಎಂಬುದು. ಬಸುರಿಯಲ್ಲಿ ಗ್ರಹಣ ನೋಡಿದಳು, ತಿನ್ನಬಾರದ್ದು ತಿಂದಳು, ತವರಿನ ಕಡೆಯ ದೋಷ ಎಂದೆಲ್ಲ ಮಾತು ತಾಯಿಯ ಸುತ್ತಲೇ ಗಿರಕಿ ಹೊಡೆಯುತ್ತದೆ. ವಿಜ್ಞಾನಕ್ಕೆ ಇದರ ಮೂಲ ಬಹಳ ಸ್ಪಷ್ಟವಾಗಿ ಗೊತ್ತಿದೆ. ಬೇರೆ ಯಾವ ಕ್ಯಾನ್ಸರಿಗಿಂತ ಮೊದಲೇ ಗೊತ್ತಾಯಿತು ಎಂದರೂ ನಡೆದೀತು.

1971ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಆಲ್‌ಫ್ರೆಡ್ ನಡ್ಸನ್ ಎಂಬ ವೈದ್ಯವಿಜ್ಞಾನಿ 48 ಮಕ್ಕಳ ದಾಖಲೆಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತ ಕೂತರು. ಎರಡೂ ಕಣ್ಣಿಗೆ ಬಂದ ಮಕ್ಕಳಲ್ಲಿ ರೋಗ ಬೇಗ ಕಾಣಿಸಿಕೊಳ್ಳುತ್ತಿತ್ತು, ಒಂದೇ ಕಣ್ಣಿಗೆ ಬಂದವರಲ್ಲಿ ತಡವಾಗಿ. ಆ ವಯಸ್ಸುಗಳನ್ನು ರೇಖಾಚಿತ್ರದಲ್ಲಿ ಇಟ್ಟಾಗ ಮೊದಲ ಗುಂಪಿಗೆ ಒಂದೇ ಪೆಟ್ಟು, ಎರಡನೆಯ ಗುಂಪಿಗೆ ಎರಡು ಪೆಟ್ಟು ಬೇಕಾಗಿದ್ದಂತೆ ಕಂಡಿತು. ಪ್ರಯೋಗಾಲಯವಿಲ್ಲ, ಸೂಕ್ಷ್ಮದರ್ಶಕವಿಲ್ಲ, ಬರೀ ಗಣಿತ. ನಮ್ಮ ಪ್ರತಿ ಜೀವಕೋಶದಲ್ಲೂ ಪ್ರತಿ ಜೀನಿನ ಎರಡು ಪ್ರತಿಗಳಿರುತ್ತವೆ, ತಾಯಿಯದೊಂದು, ತಂದೆಯದೊಂದು. ಬಾಗಿಲಿಗೆ ಎರಡು ಚಿಲಕ ಇದ್ದ ಹಾಗೆ: ಒಂದು ಮುರಿದರೂ ಇನ್ನೊಂದು ಬಾಗಿಲನ್ನು ಹಿಡಿದಿಡುತ್ತದೆ. ಎರಡೂ ಮುರಿದ ಕೋಶ ಮಾತ್ರ ಅಂಕೆ ತಪ್ಪಿ ಬೆಳೆಯುತ್ತದೆ. ಕೆಲವು ಮಕ್ಕಳು ಹುಟ್ಟುವಾಗಲೇ ಮೈಯ ಎಲ್ಲ ಕೋಶಗಳಲ್ಲೂ ಒಂದು ಚಿಲಕ ಮುರಿದುಕೊಂಡೇ ಬಂದಿರುತ್ತಾರೆ. ಲಕ್ಷಾಂತರ ರೆಟಿನಾ ಕೋಶಗಳಲ್ಲಿ ಎಲ್ಲೋ ಒಂದೆರಡರಲ್ಲಿ ಎರಡನೆಯದೂ ಕೈಕೊಡುವ ಸಂಭವ ಹೆಚ್ಚು. ಹಾಗಾಗಿ ಬೇಗ ಬರುತ್ತದೆ, ಎರಡೂ ಕಣ್ಣಿಗೆ ಬರುತ್ತದೆ. ಹದಿನೈದು ವರ್ಷದ ಬಳಿಕ, 1986ರಲ್ಲಿ, 13ನೇ ವರ್ಣತಂತುವಿನ ಮೇಲಿರುವ ಆ ಜೀನ್ ಕೈಗೆ ಸಿಕ್ಕಿತು. ಆರ್‌ಬಿ1 ಎಂದು ಹೆಸರಾಯಿತು. ಕ್ಯಾನ್ಸರನ್ನು ತಡೆಯುವ ಜೀನ್‌ಗಳಲ್ಲಿ ಮನುಷ್ಯರು ಗುರುತಿಸಿದ ಮೊದಲನೆಯದು ಅದು. ಸ್ತನ, ಶ್ವಾಸಕೋಶದ ಕ್ಯಾನ್ಸರುಗಳನ್ನು ಇಂದು ಅರ್ಥ ಮಾಡಿಕೊಳ್ಳುವ ಬಗೆಯಲ್ಲೂ ಈ ಪುಟ್ಟ ಮಕ್ಕಳ ಕಾಯಿಲೆಯ ಋಣ ಇದೆ.

ಹತ್ತರಲ್ಲಿ ಸುಮಾರು ನಾಲ್ಕು ಮಕ್ಕಳಲ್ಲಿ ಮಾತ್ರ ಇದು ಹುಟ್ಟಿನಿಂದ ಬಂದ ಬಗೆಯದು. ಉಳಿದವರಲ್ಲಿ ಎರಡೂ ಪೆಟ್ಟು ಬಿದ್ದದ್ದು ಆ ಒಂದು ಕಣ್ಣಿನ ಒಂದು ಕೋಶದಲ್ಲಿ. ಅವರ ಮಕ್ಕಳಿಗೆ ಅದು ದಾಟುವುದಿಲ್ಲ. ಹುಟ್ಟಿನಿಂದ ಬಂದ ಬಗೆಯಲ್ಲೂ ಹೆಚ್ಚಿನ ಮನೆಗಳಲ್ಲಿ ಹಿಂದೆ ಯಾರಿಗೂ ಕಾಯಿಲೆ ಇರುವುದಿಲ್ಲ, ಬದಲಾವಣೆ ಈ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ. ಅಂಥ ಹೊಸ ಬದಲಾವಣೆಗಳ ಮೂಲವನ್ನು ಹುಡುಕಿದಾಗ ಕಂಡದ್ದು, ಅವುಗಳಲ್ಲಿ ಬಹುಪಾಲು ತಂದೆಯ ವೀರ್ಯಾಣುವಿನಿಂದ ಬಂದ ಪ್ರತಿಯಲ್ಲಿ ಆಗಿವೆ ಎಂಬುದು. ತಂದೆಯನ್ನು ಕಟಕಟೆಗೆ ನಿಲ್ಲಿಸಲು ಇದನ್ನು ಹೇಳುತ್ತಿಲ್ಲ. ವೀರ್ಯಾಣುಗಳು ಜೀವನಪೂರ್ತಿ ನಕಲಾಗುತ್ತಲೇ ಇರುತ್ತವೆ, ನಕಲು ತೆಗೆಯುವಾಗ ತಪ್ಪು ನುಸುಳುತ್ತದೆ, ಅದನ್ನು ಯಾರೂ ತಡೆಯಲಾರರು. ಆದರೆ ಗ್ರಹಣದ ಕತೆ ಹೇಳಿ ಸೊಸೆಯನ್ನು ಅಳಿಸುವವರಿಗೆ ಈ ಸಂಗತಿ ಗೊತ್ತಿದ್ದರೆ ಒಳ್ಳೆಯದು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದದ್ದಕ್ಕೆ ಹೀಗಾಯಿತು ಎಂಬ ಮಾತೂ ಈ ಕಾಯಿಲೆಗೆ ಹೊಂದುವುದಿಲ್ಲ. ರಕ್ತಸಂಬಂಧದ ಮದುವೆಯಿಂದ ಹೆಚ್ಚುವ ಕಾಯಿಲೆಗಳು ಬೇರೆ ಇವೆ. ಇದರ ಬದಲಾದ ಜೀನ್ ಒಬ್ಬ ಪೋಷಕರಿಂದ ಬಂದರೂ ಸಾಕು.

ಕಣ್ಣು ಉಳಿಸುವ ದಾರಿಗಳು

ಬೇರೆ ಕ್ಯಾನ್ಸರುಗಳಲ್ಲಿ ಸೂಜಿ ಚುಚ್ಚಿ ಚೂರು ತೆಗೆದು ಖಚಿತಪಡಿಸಿಕೊಳ್ಳುತ್ತಾರೆ. ಇಲ್ಲಿ ಹಾಗೆ ಮಾಡುವುದಿಲ್ಲ. ಚುಚ್ಚಿದ ದಾರಿಯಲ್ಲೇ ಕ್ಯಾನ್ಸರ್ ಕೋಶಗಳು ಕಣ್ಣಿನಿಂದ ಹೊರಬರುವ ಭಯ. ಮಗುವಿಗೆ ಅರಿವಳಿಕೆ ಕೊಟ್ಟು, ಪಾಪೆ ಅರಳಿಸಿ, ಎರಡೂ ಕಣ್ಣುಗಳ ಒಳಭಾಗವನ್ನು ಅಂಚಿನವರೆಗೆ ನೋಡುತ್ತಾರೆ. ಅಲ್ಟ್ರಾಸೌಂಡ್‌ನಲ್ಲಿ ಗೆಡ್ಡೆಯೊಳಗಿನ ಸುಣ್ಣದ ಕಣಗಳು ಹೊಳೆಯುತ್ತವೆ. ಎಂಆರ್‌ಐ ದೃಷ್ಟಿನರ ಮತ್ತು ಮಿದುಳಿನ ಸ್ಥಿತಿ ಹೇಳುತ್ತದೆ. ಹುಟ್ಟಿನಿಂದ ಬಂದ ಬಗೆಯಲ್ಲಿ ಅಪರೂಪಕ್ಕೆ ಮಿದುಳಿನ ಪೀನಿಯಲ್ ಗ್ರಂಥಿಯಲ್ಲೂ ಗೆಡ್ಡೆ ಏಳುವುದುಂಟು. ನಂತರ ಪ್ರತಿ ಕಣ್ಣಿಗೂ ಎ ಯಿಂದ ಇ ವರೆಗೆ ಒಂದು ಗುಂಪು: ಎ ಎಂದರೆ ಮೂರು ಮಿಲಿಮೀಟರಿಗಿಂತ ಚಿಕ್ಕ, ದೃಷ್ಟಿಕೇಂದ್ರದಿಂದ ದೂರವಿರುವ ಗೆಡ್ಡೆ. ಇ ಎಂದರೆ ಬಹುತೇಕ ಹಾಳಾದ ಕಣ್ಣು. ಒಂದೇ ಮಗುವಿನ ಬಲಗಣ್ಣು ಇ, ಎಡಗಣ್ಣು ಬಿ ಆಗಿರಬಹುದು.

ಎ ಗುಂಪಿನ ಗೆಡ್ಡೆಗೆ ಲೇಸರ್ ಅಥವಾ ಹೆಪ್ಪುಗಟ್ಟಿಸಿ ಸಾಯಿಸುವ ಕ್ರಯೋಥೆರಪಿಯೇ ಸಾಕಾಗಬಹುದು. ಅದಕ್ಕಿಂತ ದೊಡ್ಡದಾದರೆ ಮೊದಲು ಮೇಲೆ ಹೇಳಿದ ಮೂರು ಔಷಧಿಗಳ ಕೀಮೋ, ಮೂರು-ನಾಲ್ಕು ವಾರಕ್ಕೊಂದರಂತೆ ಸಾಮಾನ್ಯವಾಗಿ ಆರು ಸುತ್ತು. ಕುಗ್ಗಿದ ಗೆಡ್ಡೆಯನ್ನು ಲೇಸರ್ ಮುಗಿಸುತ್ತದೆ. ಒಂದೇ ಕಡೆ ಮೊಂಡಾಗಿ ಕೂತ ಗೆಡ್ಡೆಗೆ ಕಣ್ಣಿನ ಹೊರಗೋಡೆಗೆ ವಿಕಿರಣ ಸೂಸುವ ಪುಟ್ಟ ಬಟ್ಟಲನ್ನು ಹೊಲಿದು ಕೆಲವು ದಿನ ಬಿಟ್ಟು ತೆಗೆಯುತ್ತಾರೆ. ಪ್ಲಾಕ್ ಎಂಬ ಈ ರುಥೇನಿಯಂ-106 ಬಟ್ಟಲನ್ನು ಹಿಂದೆ ವಿದೇಶದಿಂದ ತರಿಸಬೇಕಿತ್ತು. ಈಗ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರವೇ ತಯಾರಿಸುತ್ತದೆ.

ಕಳೆದ ಎರಡು ದಶಕಗಳ ದೊಡ್ಡ ಬದಲಾವಣೆ ಎಂದರೆ ಔಷಧಿಯನ್ನು ಇಡೀ ಮೈಗೆ ಹರಿಸುವ ಬದಲು ಕಣ್ಣಿಗೇ ತಲುಪಿಸುವುದು. ಜಪಾನಿನ ವೈದ್ಯರು ಆರಂಭಿಸಿದ್ದ ವಿಧಾನವನ್ನು 2006ರಿಂದ ನ್ಯೂಯಾರ್ಕ್‌ನಲ್ಲಿ ಡೇವಿಡ್ ಅಬ್ರಾಮ್‌ಸನ್ ಮತ್ತು ಪಿಯೆರ್ ಗೋಬಿನ್ ಮುಂದುವರಿಸಿದರು. ತೊಡೆಯ ಸಂದಿಯ ರಕ್ತನಾಳದಿಂದ ಕೂದಲೆಳೆಯಂಥ ನಳಿಗೆಯನ್ನು ಏರಿಸಿ, ಕಣ್ಣಿಗೆ ರಕ್ತ ಕೊಡುವ ನಾಳದ ಬಾಯಿಯವರೆಗೆ ಒಯ್ದು, ಅಲ್ಲಿ ಮೆಲ್‌ಫಲಾನ್ ಎಂಬ ಔಷಧಿಯನ್ನು ಬಿಡುತ್ತಾರೆ. ಪ್ರಮಾಣ ಬರೀ ಕೆಲವು ಮಿಲಿಗ್ರಾಂ. ಕಣ್ಣಿನ ದ್ರವದಲ್ಲಿ ಧೂಳಿನಂತೆ ತೇಲುವ ಕ್ಯಾನ್ಸರ್ ಬೀಜಗಳಿಗೆ ನೇರ ಕಣ್ಣಿನೊಳಕ್ಕೇ ಚುಚ್ಚುಮದ್ದು ಕೊಡುವ ಸುರಕ್ಷಿತ ವಿಧಾನವನ್ನು ಸ್ವಿಟ್ಜರ್‌ಲೆಂಡಿನ ಫ್ರಾನ್ಸಿಸ್ ಮ್ಯೂನಿಯರ್ 2012ರಲ್ಲಿ ಪ್ರಕಟಿಸಿದರು. ಸೂಜಿ ಹೊರಬರುವಾಗ ಆ ತೂತನ್ನೇ ಹೆಪ್ಪುಗಟ್ಟಿಸಿ ಮುಚ್ಚುವುದು ಅದರ ಗುಟ್ಟು. ಮೊದಲಾಗಿದ್ದರೆ ತೆಗೆಯಲೇಬೇಕಿದ್ದ ಎಷ್ಟೋ ಕಣ್ಣುಗಳು ಈ ಎರಡರಿಂದ ಉಳಿದಿವೆ. ಭಾರತದ ದೊಡ್ಡ ನಗರಗಳಲ್ಲಿ ಇವು ಲಭ್ಯ ಇವೆ.

ಆದರೂ ಇವುಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಉತ್ಸಾಹದ ವರದಿಗಳನ್ನು ಓದುವಾಗ ನನಗೆ ಒಂದು ಅಳುಕು. ಈ ವಿಧಾನಗಳು ಕಣ್ಣಿನೊಳಗೇ ಉಳಿದ ಗೆಡ್ಡೆಗೆ. ರಕ್ತನಾಳದ ಮೂಲಕ ಕೊಡುವ ಚಿಕಿತ್ಸೆಗೆ, ನಾಳದೊಳಗೆ ನಳಿಗೆ ಏರಿಸಲು ಸಜ್ಜಾದ ಕ್ಯಾಥ್‌ಲ್ಯಾಬ್ ಎಂಬ ಕೊಠಡಿ ಬೇಕು, ಪರಿಣತರು ಬೇಕು, ಮತ್ತೆ ಮತ್ತೆ ಮಾಡಬೇಕು. ನಾಳ ಮುಚ್ಚಿಕೊಂಡು ದೃಷ್ಟಿಯೇ ಹೋಗುವ ಸಾಧ್ಯತೆಯೂ ಉಂಟು. ಇ ಗುಂಪಿನ ಕಣ್ಣನ್ನು ಹೇಗಾದರೂ ಉಳಿಸಬೇಕೆಂದು ಊರಿಂದೂರಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ತಂದೆತಾಯಿ ಅದೇ ಅಲೆದಾಟದಲ್ಲಿ ಮಗುವಿನ ಜೀವವನ್ನು ಪಣಕ್ಕಿಡುತ್ತಾರೆ. ಈ ಕ್ಷೇತ್ರದ ವೈದ್ಯರು ಪಾಲಿಸುವ ಕ್ರಮ ಬದಲಾಗಿಲ್ಲ: ಮೊದಲು ಜೀವ, ಆಮೇಲೆ ಕಣ್ಣುಗುಡ್ಡೆ, ಆಮೇಲೆ ದೃಷ್ಟಿ.

ತೆಗೆಯುವುದು ಎಂದರೆ ಏನು

1809ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ವಾರ್ಡ್ರಾಪ್ ಈ ಕಾಯಿಲೆಯನ್ನು ಬೇರೆಯಾಗಿ ಗುರುತಿಸಿ, ಬೇಗನೆ ಕಣ್ಣು ತೆಗೆದರೆ ಮಗು ಬದುಕೀತು ಎಂದು ಬರೆದ. ಅರಿವಳಿಕೆಯೇ ಇಲ್ಲದ ಕಾಲ ಅದು. ಇಂದು ಇದು ಎಷ್ಟು ಸುರಕ್ಷಿತ ಶಸ್ತ್ರಚಿಕಿತ್ಸೆಯೋ, ತಂದೆತಾಯಿಗೆ ಅಷ್ಟೇ ಸಹಿಸಲಾಗದ ಮಾತು. ‘ಕಣ್ಣು ತೆಗೀಬೇಕಾಗುತ್ತೆ’ ಎಂದು ವೈದ್ಯರು ಹೇಳಿದ ಮೇಲೆ ‘ಊರಲ್ಲಿ ಹಿರಿಯರನ್ನ ಕೇಳಿ ಬರ್ತೀವಿ ಸಾರ್’ ಎಂದು ಹೋದ ಕೆಲವರು ಮತ್ತೆ ಬರುವಾಗ ಗೆಡ್ಡೆ ಕೆನ್ನೆಯ ಮೇಲೆ ಇಳಿದಿರುತ್ತದೆ. ನಡುವೆ ನಾಟಿ ಔಷಧಿ, ಹರಕೆ, ಇನ್ನೊಂದು ಊರಿನ ಇನ್ನೊಬ್ಬ ವೈದ್ಯರು.

ಹಾಗಾಗಿ ಒಳಗೆ ಏನು ನಡೆಯುತ್ತದೆ ಎಂದು ಬಿಡಿಸಿ ಹೇಳಬೇಕು. ಮಗು ಪೂರ್ತಿ ನಿದ್ದೆಯಲ್ಲಿರುತ್ತದೆ. ರೆಪ್ಪೆ, ರೆಪ್ಪೆಗೂದಲು, ಹುಬ್ಬು ಯಾವುದಕ್ಕೂ ಕೈ ಹಚ್ಚುವುದಿಲ್ಲ. ಗುಡ್ಡೆಯನ್ನು ತಿರುಗಿಸುವ ಪುಟ್ಟ ಸ್ನಾಯುಗಳನ್ನು ಬಿಡಿಸಿ ದಾರಕ್ಕೆ ಕಟ್ಟಿಟ್ಟುಕೊಳ್ಳುತ್ತಾರೆ. ಗುಡ್ಡೆಗೆ ಎಲ್ಲೂ ತೂತು ಬೀಳದಂತೆ, ಹಿಂದಿನ ದೃಷ್ಟಿನರವನ್ನು ಸಾಧ್ಯವಾದಷ್ಟು ಉದ್ದಕ್ಕೆ, ಒಂದು ಸೆಂಟಿಮೀಟರಿಗಿಂತ ಹೆಚ್ಚು ಸೇರಿಸಿ ಕತ್ತರಿಸಿ ತೆಗೆಯುತ್ತಾರೆ. ಕ್ಯಾನ್ಸರ್ ಮಿದುಳಿಗೆ ಹೋಗುವ ದಾರಿ ಆ ನರವೇ ಆದ್ದರಿಂದ ಅದರ ಉದ್ದ ಮುಖ್ಯ. ಖಾಲಿಯಾದ ಜಾಗಕ್ಕೆ ಗೋಲಿಯಾಕಾರದ ಇಂಪ್ಲಾಂಟ್ ಇಟ್ಟು, ಸ್ನಾಯುಗಳನ್ನು ಅದರ ಮೇಲೆ ಹೊಲಿಯುತ್ತಾರೆ. ಮೇಲೆ ಪಾರದರ್ಶಕ ಬಿಲ್ಲೆ. ಮಗು ಸಾಮಾನ್ಯವಾಗಿ ಮರುದಿನವೇ ಆಟಕ್ಕೆ ಇಳಿಯುತ್ತದೆ. ಚೇತರಿಸಿಕೊಳ್ಳಲು ಹೆಚ್ಚು ಸಮಯ ಬೇಕಾಗುವುದು ದೊಡ್ಡವರಿಗೆ.

ಆರು ವಾರದ ಹೊತ್ತಿಗೆ ಗಾಯ ಮಾಗಿದ ಮೇಲೆ ಕೃತಕ ಕಣ್ಣು. ಅಂಗಡಿಯಲ್ಲಿ ಸಿಗುವ ಸಿದ್ಧ ಅಳತೆಯದು ಬೇಡ. ಅಚ್ಚು ತೆಗೆದು ಮಾಡಿಸಿದ್ದೇ ಸರಿ. ಕೂರಿಸುವವರು ಇನ್ನೊಂದು ಕಣ್ಣನ್ನು ಎದುರಿಗಿಟ್ಟುಕೊಂಡು ಪಾಪೆಯ ಸುತ್ತಲಿನ ಕಂದು ಬಣ್ಣವನ್ನು, ಬಿಳಿಭಾಗದ ಕೆಂಪು ನರಗಳನ್ನು ಕುಂಚದಲ್ಲಿ ಬರೆಯುತ್ತಾರೆ. ಅದು ಗುಡ್ಡೆಯ ಹಾಗೆ ದುಂಡಗಿರುವುದಿಲ್ಲ, ಚಿಪ್ಪಿನ ಹಾಗಿರುತ್ತದೆ. ಹಿಂದಿನ ಇಂಪ್ಲಾಂಟ್ ಅಲುಗಿದಾಗ ಅದೂ ಅಲುಗುತ್ತದೆ. ಮಗುವಿನ ಮುಖ ಬೆಳೆದಂತೆ ಬದಲಾಯಿಸಬೇಕು. ಆಗಾಗ ತೆಗೆದು ತೊಳೆಯಬೇಕು, ವರ್ಷಕ್ಕೊಮ್ಮೆಯಾದರೂ ಪಾಲಿಶ್ ಮಾಡಿಸಬೇಕು. ಹೀಗೆ ಕಣ್ಣು ಕಳೆದುಕೊಂಡು ಬೆಳೆದ ಹುಡುಗ ಹುಡುಗಿಯರನ್ನು ಹೊಸದಾಗಿ ಬಂದ ತಂದೆತಾಯಿಗೆ ಭೇಟಿ ಮಾಡಿಸುವುದು ಹತ್ತು ಸಲ ತಿಳಿಹೇಳುವುದಕ್ಕಿಂತ ಫಲಕಾರಿ. ಬೆಂಗಳೂರಿನ ಇಕ್ಷಾ ಪ್ರತಿಷ್ಠಾನದಂಥ ಸಂಸ್ಥೆಗಳು ಇಂಥ ಮಕ್ಕಳ ಕುಟುಂಬಗಳ ಬೆನ್ನಿಗೆ ನಿಂತಿವೆ.

ತೆಗೆದ ಕಣ್ಣು ಪ್ರಯೋಗಾಲಯಕ್ಕೆ ಹೋಗುತ್ತದೆ. ದೃಷ್ಟಿನರದೊಳಕ್ಕೋ ಕೋರಾಯಿಡ್ ಎಂಬ ರಕ್ತನಾಳಗಳ ಪದರಕ್ಕೋ ಕ್ಯಾನ್ಸರ್ ಆಳವಾಗಿ ನುಗ್ಗಿದ್ದರೆ ಮುನ್ನೆಚ್ಚರಿಕೆಯ ಕೀಮೋ ಕೊಡುತ್ತಾರೆ. ಕಣ್ಣು ತೆಗೆದಾಯಿತು, ಇನ್ನೇನು ಎಂದು ವರದಿಗೆ ಕಾಯದೆ ಊರಿಗೆ ಹೋದವರು ಈ ಹಂತದಲ್ಲಿ ಕೈತಪ್ಪುತ್ತಾರೆ.

ಕರ್ನಾಟಕದಲ್ಲಿ ಚಿಕಿತ್ಸೆಗೆ ಕಿದ್ವಾಯಿ ಗಂಥಿ ಸಂಸ್ಥೆ ಇದೆ, ನಾರಾಯಣ ನೇತ್ರಾಲಯ ಇದೆ, ಪಕ್ಕದ ಹೈದರಾಬಾದಿನಲ್ಲಿ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆ, ಚೆನ್ನೈನಲ್ಲಿ ಶಂಕರ ನೇತ್ರಾಲಯ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಆದರೆ ಆರು ಸುತ್ತು ಕೀಮೋ ಎಂದರೆ ರಾಯಚೂರು ಕಡೆಯ ಕೂಲಿಕಾರ ಕುಟುಂಬಕ್ಕೆ ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ಅರ್ಧ ವರ್ಷದ ಓಡಾಟ. ಕೀಮೋ ನಡುವೆ ಮಗುವಿನ ಬಿಳಿ ರಕ್ತಕಣ ಇಳಿದಾಗ ಜ್ವರ ಬಂದರೆ ಅದೇ ರಾತ್ರಿ ಆಸ್ಪತ್ರೆ ಸೇರಬೇಕು. ಹಾಗಾಗಿ ಊರಿಗೆ ಹೋಗಿ ಬರುವುದೂ ಕಷ್ಟ. ಕಿದ್ವಾಯಿ ಆವರಣದಲ್ಲಿ ಧರ್ಮಶಾಲೆ ಇರುವುದು ದೊಡ್ಡ ಆಸರೆ. ಆದರೂ ಕಳೆದುಹೋದ ಕೂಲಿ, ಊರಲ್ಲಿ ಬಿಟ್ಟು ಬಂದ ಇನ್ನೆರಡು ಮಕ್ಕಳು, ಬಿತ್ತನೆಯ ಹೊತ್ತು, ಇವಕ್ಕೆ ಯಾವ ಕಾರ್ಡಿನಲ್ಲೂ ಪ್ಯಾಕೇಜ್ ಇಲ್ಲ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದನ್ನು ‘ಅಜ್ಞಾನ’ ಎಂದು ಬರೆಯುವ ಮೊದಲು ಈ ಖರ್ಚನ್ನೂ ಕೂಡಬೇಕು.

ಚುಚ್ಚುಮದ್ದಿನ ದಿನ

ಹೊಂಡುರಾಸ್ ಎಂಬ ಮಧ್ಯ ಅಮೆರಿಕದ ಬಡ ದೇಶ 2003ರಲ್ಲಿ ಮಕ್ಕಳ ಲಸಿಕೆ ಅಭಿಯಾನದ ಜೊತೆಗೇ ಬಿಳಿ ಪಾಪೆಯ ಬಗ್ಗೆ ಪ್ರಚಾರ ಮಾಡಿತು. ಅದಕ್ಕೆ ಮೊದಲು, ಪತ್ತೆಯಾಗುವಾಗಲೇ ರೋಗ ಕಣ್ಣಿನಾಚೆ ಹರಡಿದ್ದ ಮಕ್ಕಳು ನೂರಕ್ಕೆ 73. ನಂತರದ ಎರಡು-ಮೂರು ವರ್ಷಗಳಲ್ಲಿ ಅದು 35ಕ್ಕೆ ಇಳಿಯಿತು. ಆದರೆ ಬೇಗ ಬಂದವರಲ್ಲೂ ಕಣ್ಣು ತೆಗೆಸಲು ಒಪ್ಪದೆ ಬಿಟ್ಟುಹೋಗುವುದು ಅಲ್ಲಿ ಸಮಸ್ಯೆಯಾಗಿಯೇ ಉಳಿಯಿತು. ಪತ್ತೆ ಹಚ್ಚುವುದು ಮತ್ತು ಹಿಡಿದಿಟ್ಟುಕೊಳ್ಳುವುದು ಎರಡು ಬೇರೆ ಕೆಲಸ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ನಮ್ಮಲ್ಲಿ ಇದಕ್ಕೆ ಬೇಕಾದ ವ್ಯವಸ್ಥೆ ಹೆಚ್ಚುಕಡಿಮೆ ತಯಾರಿದೆ. ಹುಟ್ಟಿದಾಗ, ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ, ಒಂಬತ್ತಕ್ಕೆ, ಹದಿನಾರರಿಂದ ಇಪ್ಪತ್ನಾಲ್ಕರೊಳಗೆ ಮಗು ಲಸಿಕೆಗೆ ಬರುತ್ತದೆ. ಎರಡೂ ಕಣ್ಣಿಗೆ ಬರುವ ಬಗೆ ಸರಾಸರಿ ಒಂದು ವರ್ಷಕ್ಕೆ, ಒಂದೇ ಕಣ್ಣಿನದು ಎರಡು ವರ್ಷಕ್ಕೆ ಪತ್ತೆಯಾಗುತ್ತದೆ ಎಂದರೆ ಈ ಲಸಿಕೆಯ ದಿನಗಳು ಸರಿಯಾದ ಅವಧಿಯಲ್ಲೇ ಬೀಳುತ್ತವೆ. ಆಶಾ ಕಾರ್ಯಕರ್ತೆಯರು ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೇ ತಿಂಗಳಲ್ಲಿ ಮನೆಗೇ ಹೋಗುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುತ್ತವೆ. ಅವರ ಪಟ್ಟಿಯಲ್ಲಿ ಹುಟ್ಟಿನಿಂದ ಬಂದ ಪೊರೆ ಇದೆ. ಪೊರೆ ಹಿಡಿಯುವ ಪರೀಕ್ಷೆಯೇ ಗೆಡ್ಡೆಯನ್ನೂ ಹಿಡಿಯುತ್ತದೆ.

ಆ ಪರೀಕ್ಷೆಗೆ ಕೋಣೆಯ ಕಿಟಕಿ ಮುಚ್ಚಬೇಕು, ಅಷ್ಟೇ. ಮಗು ತಾಯಿಯ ಮಡಿಲಲ್ಲಿ. ಪರೀಕ್ಷಿಸುವವರು ಒಂದು ಮೊಳ ದೂರದಿಂದ, ಕಣ್ಣಿನೊಳಗೆ ನೋಡುವ ಉಪಕರಣವಾದ ಆಫ್ತಾಲ್ಮೊಸ್ಕೋಪಿನ ಬೆಳಕನ್ನು ಎರಡೂ ಕಣ್ಣಿಗೆ ಒಟ್ಟಿಗೆ ಬಿಟ್ಟು, ಅದೇ ಉಪಕರಣದ ಕಿಂಡಿಯಿಂದ ನೋಡಬೇಕು. ನಮ್ಮ ಮಕ್ಕಳಲ್ಲಿ ಹೊಳಪು ಕೆಂಪಿಗಿಂತ ಕಿತ್ತಳೆಯ ಕಡೆಗಿರುತ್ತದೆ. ಬಣ್ಣ ಯಾವುದೇ ಇರಲಿ, ಎರಡೂ ಕಣ್ಣಲ್ಲಿ ಒಂದೇ ಥರ ಇರಬೇಕು. ಯಾವುದಾದರೂ ಕಣ್ಣಲ್ಲಿ ಹೊಳಪು ಮಂಕಾಗಿದ್ದರೆ, ಬಿಳಿಯಾಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಕಣ್ಣಿನ ವೈದ್ಯರಿಗೆ ಕಳಿಸಬೇಕು. ಬರೀ ಟಾರ್ಚಿನಿಂದ ಇದು ಆಗುವುದಿಲ್ಲ, ಬೆಳಕು ಮತ್ತು ನೋಡುವ ಕಣ್ಣು ಒಂದೇ ಗೆರೆಯಲ್ಲಿರಬೇಕು. ಆರ್ಕ್‌ಲೈಟ್ ಎಂಬ ಸೌರಶಕ್ತಿಯ, ಜೇಬಿನಲ್ಲಿ ಹಿಡಿಯುವ ಅಗ್ಗದ ಆಫ್ತಾಲ್ಮೊಸ್ಕೋಪ್ ಬಡ ದೇಶಗಳಿಗೆಂದೇ ತಯಾರಾಗಿದೆ. ಗೆಡ್ಡೆ ತೀರಾ ಚಿಕ್ಕದಾಗಿ, ಅಂಚಿನಲ್ಲಿದ್ದರೆ ಈ ಪರೀಕ್ಷೆ ತಪ್ಪಿಸಿಕೊಳ್ಳುತ್ತದೆ ಎಂಬುದು ನಿಜ. ಮೂವತ್ತು ತಿಂಗಳಿಗೆ ಸಿಗುವ ಗೆಡ್ಡೆಯನ್ನು ಒಂಬತ್ತಕ್ಕೋ ಹದಿನಾರಕ್ಕೋ ಹಿಡಿಯಲು ಅದು ಸಾಕು.

ಫೋನಿನ ದಾರಿಯೂ ಇದೆ. ಅಮೆರಿಕದ ರಸಾಯನ ವಿಜ್ಞಾನಿ ಬ್ರಯಾನ್ ಶಾ ತಮ್ಮ ಮಗನಿಗೆ ಈ ಕಾಯಿಲೆ ಬಂದ ಮೇಲೆ ಹಳೆಯ ಫೋಟೊಗಳನ್ನು ತೆಗೆದು ನೋಡಿದರೆ ಬಿಳಿ ಹೊಳಪು ತಿಂಗಳುಗಳ ಹಿಂದೆಯೇ ಇತ್ತು. ಅವರ ತಂಡ ಮಾಡಿದ ಆ್ಯಪ್, ಕಣ್ಣಿನ ತೊಂದರೆಯಿದ್ದ ಹತ್ತರಲ್ಲಿ ಎಂಟು ಮಕ್ಕಳ ಹಳೆಯ ಫೋಟೊಗಳಲ್ಲಿ ರೋಗಪತ್ತೆಗಿಂತ ಸರಾಸರಿ ಒಂದು ವರ್ಷಕ್ಕೂ ಮೊದಲೇ ಹೊಳಪನ್ನು ಗುರುತಿಸಿತು. ಕರ್ನಾಟಕದಲ್ಲೇ, ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ರೆಟಿನಾವನ್ನು ಜಿಲ್ಲೆಗಳಲ್ಲಿ ಕ್ಯಾಮೆರಾದಿಂದ ಚಿತ್ರಿಸಿ ಬೆಂಗಳೂರಿನ ತಜ್ಞರಿಗೆ ಕಳಿಸುವ ಕಿಡ್‌ರಾಪ್ ಯೋಜನೆ 2008ರಿಂದ ನಡೆದುಬಂದಿದ್ದು, ತಂತ್ರಜ್ಞರು ಚಿತ್ರ ತೆಗೆದು ತಜ್ಞರು ದೂರದಿಂದ ನೋಡುವುದು ಇಲ್ಲಿ ಸಾಧ್ಯ ಎಂದು ತೋರಿಸಿದೆ. ಅನುಮಾನ ಬಂದ ಮಗುವನ್ನು ರಾಯಚೂರಿನಿಂದ ನೇರ ಬೆಂಗಳೂರಿಗೆ ಅಟ್ಟುವ ಬದಲು ಜಿಲ್ಲೆಯಲ್ಲೇ ಚಿತ್ರ ತೆಗೆದು ಕೇಳುವುದಕ್ಕೆ ಇದೇ ಮಾದರಿ ಸಾಕು. ತಾಯಿ ಕಾರ್ಡಿನಲ್ಲಿ ಲಸಿಕೆಯ ಸಾಲಿನ ಪಕ್ಕ ‘ಎರಡೂ ಪಾಪೆಯ ಹೊಳಪು ಒಂದೇ ಥರ ಇದೆಯೇ’ ಎಂಬ ಒಂದು ಕಾಲಂ ಸೇರಿಸಿದರೆ, ನಲವತ್ತು ವರ್ಷಕ್ಕೊಮ್ಮೆ ಬರುವ ಮಗುವನ್ನು ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ.

ವಾಸಿಯಾದ ಮೇಲೆ

ಚಿಕಿತ್ಸೆ ಮುಗಿದ ಮಕ್ಕಳಲ್ಲಿ ಹುಟ್ಟಿನಿಂದ ಬಂದ ಬಗೆಯವರ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಮುರಿದ ಜೀನ್ ಮೈಯ ಎಲ್ಲ ಕೋಶಗಳಲ್ಲೂ ಇರುವುದರಿಂದ ಮುಂದೆ ಮೂಳೆಯ, ಮಾಂಸಖಂಡದ, ಚರ್ಮದ ಕ್ಯಾನ್ಸರಿನ ಅಪಾಯ ಅವರಿಗೆ ಜೀವನಪೂರ್ತಿ ಹೆಚ್ಚು. ಹಿಂದೆ ಕಣ್ಣಿನ ಗೆಡ್ಡೆಗೆ ಹೊರಗಿನಿಂದ ವಿಕಿರಣ ಕೊಡುತ್ತಿದ್ದರು, 1903ರಲ್ಲೇ ಅಮೆರಿಕದಲ್ಲಿ ಎಕ್ಸ್‌ರೇ ಪ್ರಯೋಗ ನಡೆದಿತ್ತು. ಆ ಮಕ್ಕಳು ಬದುಕುಳಿದು ದೊಡ್ಡವರಾದ ಮೇಲೆ ವಿಕಿರಣ ಬಿದ್ದ ಜಾಗದಲ್ಲೇ ಹೊಸ ಕ್ಯಾನ್ಸರ್ ಏಳುವುದು ಕಂಡು, 1990ರ ದಶಕದಿಂದ ವೈದ್ಯರು ಕೀಮೋದ ಕಡೆ ಹೊರಳಿದರು. ಕಾರ್ಬೊಪ್ಲಾಟಿನ್ ಕೆಲವು ಮಕ್ಕಳ ಕಿವಿಗೆ ತೊಂದರೆ ಮಾಡಬಹುದು, ಅದನ್ನೂ ಪರೀಕ್ಷಿಸುತ್ತಿರಬೇಕು. ಒಂದೇ ಕಣ್ಣಿರುವ ಮಗುವಿಗೆ ಒಡೆಯದ ಗಾಜಿನ ಕನ್ನಡಕ ಕಡ್ಡಾಯ. ನಂಬರ್ ಇಲ್ಲದಿದ್ದರೂ ಹಾಕಬೇಕು.

ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಮುಂದಿನ ಮಗು. ಎರಡೂ ಕಣ್ಣಿಗೆ ಬಂದ ಮಗುವಿನ ತಮ್ಮನೋ ತಂಗಿಯೋ ಹುಟ್ಟಿದರೆ ಮೊದಲ ವಾರದಲ್ಲೇ ಕಣ್ಣಿನ ಪರೀಕ್ಷೆ ಆಗಬೇಕು, ಆಮೇಲೆ ನಿಗದಿತ ಅಂತರದಲ್ಲಿ ಮತ್ತೆ ಮತ್ತೆ. ಹುಟ್ಟಿನಿಂದ ಬಂದ ಬಗೆಯ ಕಾಯಿಲೆ ವಾಸಿಯಾದ ಹುಡುಗಿ ಬೆಳೆದು ತಾಯಿಯಾದರೆ ಅವಳ ಪ್ರತಿ ಮಗುವಿಗೂ ಬದಲಾದ ಜೀನ್ ದಾಟುವ ಸಂಭವ ಎರಡಕ್ಕೆ ಒಂದು. ರೋಗಿಯ ರಕ್ತದಲ್ಲಿ ಆರ್‌ಬಿ1 ಬದಲಾವಣೆ ಯಾವುದೆಂದು ಒಮ್ಮೆ ಗೊತ್ತಾದರೆ, ಹುಟ್ಟಿದ ಕೂಸಿನ ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ಇಲ್ಲ ಎಂದಾದರೆ ಆ ಕೂಸಿಗೆ ಪದೇ ಪದೇ ಅರಿವಳಿಕೆ ಕೊಟ್ಟು ನೋಡುವ ಅಗತ್ಯವೇ ಇಲ್ಲ. ಒಂದೇ ಕಣ್ಣಿಗೆ ಬಂದವರಲ್ಲೂ ನೂರಕ್ಕೆ ಸುಮಾರು 15 ಮಂದಿ ಹುಟ್ಟಿನಿಂದ ಬಂದ ಬಗೆಯವರಾಗಿರುತ್ತಾರೆ. ಆದ್ದರಿಂದ ತೆಗೆದ ಕಣ್ಣಿನ ಗೆಡ್ಡೆಯ ಮಾದರಿಯನ್ನು ಜೀನ್ ಪರೀಕ್ಷೆಗೆ ಎತ್ತಿಡಲು ಶಸ್ತ್ರಚಿಕಿತ್ಸೆಗೆ ಮುಂಚೆಯೇ ವೈದ್ಯರನ್ನು ಕೇಳಿಕೊಳ್ಳಬೇಕು, ಆಮೇಲೆ ನೆನಪಾದರೆ ಮಾದರಿ ಸಿಗದೇ ಹೋಗಬಹುದು.